ಶನಿವಾರದ ಕೂಟ

ಇಂಡಿ
ಶುಕ್ರವಾರ, ೧೮ ನವೆಂಬರ ೧೯೭೭

ಶ್ರೀ ಸಿದ್ದರಾಯ ಅವರಿಗೆ,

ಹೆಂಡತಿಯಾದವಳು ಗಂಡನ ಹೆಸರನ್ನು ಹೀಗೆ ಮುಖಕ್ಕೆ ಹೊಡೆದಂತೆ ಬರೆಯಬಾರದು ಎಂದು ಗೊತ್ತಿದೆ. ಲಕೋಟೆಯ ಮೇಲೆ ಹೇಗೂ ಬರೆಯಲೇಬೇಕಲ್ಲ, ಒಳಗೆ ಬರೆದರೆ ಏನು ಮೈಲಿಗೆ ಎಂದು ಬರೆದೆ. ನಾವೆಲ್ಲ ಕ್ಷೇಮ ಎನ್ನುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಸುಳ್ಳಿಗೆ ಮಸಿ ಖರ್ಚು ಮಾಡುವ ಮನಸ್ಸಿಲ್ಲ. ನಿಮ್ಮ ಕ್ಷೇಮವನ್ನಾದರೂ ಕೇಳಬೇಕು. ಊಟ ಸರಿಯಾಗಿ ಮಾಡುತ್ತೀರಾ? ಪುಣೆಯ ಚಳಿ ನಿಮ್ಮ ಎದೆಗೆ ಆಗಿಬರುವುದಿಲ್ಲ, ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಇಷ್ಟು ಬರೆದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೂ ಹೊಡೆದು ಹಾಕುವುದಿಲ್ಲ.

ನಿಮ್ಮ ಪತ್ರ ಮಂಗಳವಾರ ಬಂತು. ನೀವು ಈಗ ನೌಕರಿ ಮಾಡುತ್ತಿರುವ ಕಂಪನಿಯವರು ನಮ್ಮ ಕಾರಖಾನೆಯನ್ನು ಕೊಳ್ಳಲು ತಯಾರಿದ್ದಾರೆ, ಇಂಡಿಯ ಶೆಡ್ಡಿನ ಬೀಗ ತೆಗೆಯುತ್ತಾರೆ, ಹಳೆಯ ಹೆಂಗಸರನ್ನೇ ಮತ್ತೆ ಕೆಲಸಕ್ಕೆ ಕರೆಯುತ್ತಾರೆ ಎಂದು ಬರೆದಿದ್ದೀರಿ. ಅದಕ್ಕೆ ಮೊದಲು ಒಂದು ಹೇಳಿಕೆ ಬೇಕಂತೆ. ಮೋರಟಗಿಯ ರೈತನ ಸಾವಿಗೆ ಕಾರಣ ಕಾರಖಾನೆಯೂ ಅಲ್ಲ, ನಿಮ್ಮ ಪದ್ಧತಿಯೂ ಅಲ್ಲ, ಒಬ್ಬ ಕೆಲಸದ ಹೆಂಗಸಿನ ಕೈತಪ್ಪು ಎಂದು ಬರೆದು, ಅವಳ ಹೆಸರು ಹೇಳಿ, ತಂಡದ ಮುಖಂಡಳಾದ ನಾನು ಸಹಿ ಹಾಕಬೇಕಂತೆ. ಆಗ ಕೇಸು ಕಾರಖಾನೆಯನ್ನು ಬಿಟ್ಟು ಅವಳೊಬ್ಬಳ ತಲೆಯ ಮೇಲೆ ಹೋಗುತ್ತದೆ. ಕೊನೆಗೆ, ಎರಡು ಖೋಲಿಯ ಮನೆ ಹಿಡಿದಿದ್ದೇನೆ, ಒಳಗೇ ನಳವಿದೆ, ನೀನೂ ಬಾ ಎಂದಿದ್ದೀರಿ. ನೀರು ಹೊರುವುದು ತಪ್ಪುತ್ತದೆ ಎಂದರೆ ನಾನು ಸೀರೆ ಎತ್ತಿಕಟ್ಟಿ ಓಡಿ ಬರುತ್ತೇನೆ ಎಂದುಕೊಂಡಿರಾ?

ಯಾರ ಹೆಸರು ಎಂದು ನೀವು ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಹೆಸರಿನವಳು ಈಗ ನನ್ನ ಎದುರಿಗೇ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಳೆ. ತಿಪ್ಪವ್ವನಿಗೆ ಕಣ್ಣು ಪೂರ್ತಿ ಹೋದ ಹಾಗೆಯೇ, ಹರಳನ್ನು ಬೆರಳಿನಿಂದಲೇ ಆರಿಸುತ್ತಾಳೆ. ಸಿಂದಗಿಯ ಶೆಡ್ಡಿಗೆ ಬೀಗ ಬಿದ್ದ ಮೇಲೆ ಹಲಸಂಗಿಗೆ, ತಮ್ಮನ ಮನೆಗೆ ಹೋಗಿದ್ದಳು. ಅಲ್ಲಿ ಅವಳ ತಾಟನ್ನು ಬೇರೆ ಇಟ್ಟರು ಎಂದು ಕೇಳಿ ನಾನೇ ಹೋಗಿ ಕರೆದುಕೊಂಡು ಬಂದೆ. "ಯಾರಿಗೆ ಬರ್ಯಾಕತ್ತಿಯವ್ವಾ, ಸಾಹೇಬ್ರಿಗೇನು? ತಿಪ್ಪವ್ವ ಕೇಳ್ಯಾಳ ಅಂತ ಬರಿ" ಎಂದಳು. ಬರೆದಿದ್ದೇನೆ. ತಿಪ್ಪವ್ವ ನಿಮ್ಮನ್ನು ಕೇಳಿದ್ದಾಳೆ.

ನಿಮ್ಮ ಪತ್ರ ಓದಿದರೆ ನಡೆದದ್ದನ್ನೆಲ್ಲ ನೀವು ಮರೆತುಬಿಟ್ಟಿದ್ದೀರಿ ಎನಿಸುತ್ತದೆ. ಅಥವಾ ಪುಣೆಯ ವಕೀಲರು ಬೇರೆ ಕಥೆಯನ್ನೇ ನಿಮ್ಮ ತಲೆಗೆ ತುಂಬಿದ್ದಾರೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಬೇಸರವಾದರೆ ಸಹಿಸಿಕೊಳ್ಳಿ, ಮೂರು ತಿಂಗಳು ನಾನೂ ಸಹಿಸಿಕೊಂಡಿದ್ದೇನೆ.

ನೀವು ಮತ್ತು ಜೈನುದ್ದೀನಣ್ಣ ಹಳೆಯ ಅರಳೆ ಗಿರಣಿಯ ಗೋದಾಮನ್ನು ಬಾಡಿಗೆಗೆ ಹಿಡಿದಾಗ ಊರೆಲ್ಲ ನಕ್ಕಿತು. ಹಳ್ಳಿಹಳ್ಳಿಗೆ ಆಗ ತಾನೆ ಕರೆಂಟು ಬಂದಿತ್ತು. ಭೀಮೆಯ ದಂಡೆಯ ಹೊಲಗಳಲ್ಲಿ ಮೋಟಾರು ಕೂತಿದ್ದವು, ಕರೆಂಟು ಏರುಪೇರಾಗಿ ಸುಟ್ಟುಹೋಗುತ್ತಿದ್ದವು. ಕರೆಂಟು ಕಡಿಮೆಯಾದ ಕೂಡಲೇ ಮೋಟಾರನ್ನು ತಾನಾಗಿಯೇ ನಿಲ್ಲಿಸುವ ಸ್ಟಾರ್ಟರ್ ಡಬ್ಬಿಯನ್ನು ನೀವು ಮಾಡಿದಿರಿ. ಅದರೊಳಗಿನ ತಂತಿಯ ಸುರುಳಿ ಸುತ್ತಲು ಹೆಂಗಸರೇ ಸರಿ ಎಂದು ಹುಡುಕಿಕೊಂಡು ಬಂದಿರಿ. ಕೌದಿ ಹೊಲಿಯುವ ಕೈಗಳು ಎಂದಿರಿ. ತಿಪ್ಪವ್ವ, ರಾಮವ್ವ, ನಾನು, ಇನ್ನೂ ನಾಲ್ಕು ಜನ. ತಿಪ್ಪವ್ವನ ಹಟ್ಟಿಗೆ ಮೊದಲ ಸಲ ಹೋದಾಗ ಅವಳು ನಿಮಗೆ ಚಹಾ ಕೊಡಲು ಅಂಜಿ, ಮಜ್ಜಿಗೆ ಕೊಟ್ಟಳು. ನೀವು ಎರಡು ವಾಟಗ ಕುಡಿದಿರಿ. ಆ ದಿನ ನಿಮ್ಮನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ನಾನು ನಿಮಗೆ ಎಂದೂ ಹೇಳಲಿಲ್ಲ.

ಎಪ್ಪತ್ನಾಲ್ಕರಲ್ಲಿ ತರಬೇತಿಗೆಂದು ಪುಣೆಗೆ ಹೋಗಿ ಬಂದಿರಿ. ಬಂದವರು ಬೇರೆಯೇ ಮನುಷ್ಯರು. ಮೈ ತೊಳೆಯದೆ, ಊಟ ಮಾಡದೆ ಗೋದಾಮಿಗೆ ಹೋಗಿ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ನಾಲ್ಕು ಮೆಟ್ಟಿಲು ಬರೆದಿರಿ. ಮೊದಲನೆಯದು ಕೂಡುವುದು, ಎರಡನೆಯದು ಜಗಳಾಡುವುದು, ಮೂರನೆಯದು ಹೊಂದಿಕೊಳ್ಳುವುದು, ನಾಲ್ಕನೆಯದು ಒಂದೇ ಕೈಯಾಗಿ ದುಡಿಯುವುದು. ಯಾವ ತಂಡವಾದರೂ ಈ ನಾಲ್ಕು ಹತ್ತಿಯೇ ಮೇಲೆ ಬರಬೇಕು ಎಂದಿರಿ. ಇನ್ನು ಇಲ್ಲಿ ಮೇಸ್ತ್ರಿ ಇಲ್ಲ, ಮಾಲಕ ಇಲ್ಲ, ಮುಖಂಡಳನ್ನು ತಂಡವೇ ಆರಿಸಿಕೊಳ್ಳಲಿ, ಪ್ರತಿ ಶನಿವಾರ ಚಾಪೆ ಹಾಸಿ ಕೂತು ಆ ವಾರ ಯಾರ ಕೈಯಲ್ಲಿ ಏನು ತಪ್ಪಾಯಿತು ಎಂದು ಹೆಸರು ಹಿಡಿದು ಹೇಳಿಕೊಳ್ಳಲಿ, ತಪ್ಪಿಗೆ ಶಿಕ್ಷೆ ಇಲ್ಲ, ಕಲಿಕೆ ಮಾತ್ರ ಎಂದಿರಿ. ರಾಮವ್ವ ಬಾಯಿಗೆ ಸೆರಗು ಒತ್ತಿಕೊಂಡು, "ಜಗಳಾನೂ ಪಗಾರದಾಗ ಬರ್ತೈತೇನ್ರಿ?" ಎಂದು ಕೇಳಿದಳು. ನೀವೂ ನಕ್ಕಿರಿ.

ನನ್ನನ್ನು ಮುಖಂಡಳನ್ನಾಗಿ ಆರಿಸಿದರು. ಮಾಲಕ ಇಲ್ಲದ ಕಾರಖಾನೆಯಲ್ಲಿ ಮಾಲಕನ ಹೆಂಡತಿಯನ್ನಲ್ಲದೆ ಇನ್ನಾರನ್ನು ಆರಿಸುತ್ತಾರೆ? ನಾನು ಅದನ್ನೇ ಹೇಳಿದೆ. ನೀವು ಕೇಳಲಿಲ್ಲ.

ಕೂಟ ಶುರುವಾಯಿತು. ಚಾಪೆ, ಚುರುಮುರಿ, ಚಹಾ. ನೀವು ನೆಲದ ಮೇಲೆ ನಮ್ಮೊಂದಿಗೆ ಕೂತು, ಈ ವಾರ ಯಾರದೇನು ತಪ್ಪು ಎಂದು ಕೇಳುವಿರಿ. ಎಲ್ಲರೂ ಒಟ್ಟಿಗೆ, "ಏನೂ ಇಲ್ಲರಿ, ಎಲ್ಲಾ ಬರೋಬರಿ" ಎನ್ನುವರು. ವಾರದ ಮೇಲೆ ವಾರ ಅದೇ ಮಾತು. ಸುರುಳಿಗಳೂ ಬರೋಬರಿಯೇ ಇದ್ದವು. ನಮ್ಮ ಹೆಂಗಸರು ಎರಡನೆಯ ಮೆಟ್ಟಿಲನ್ನು ತುಳಿಯದೆಯೇ ನಾಲ್ಕನೆಯದಕ್ಕೆ ಹಾರಿಬಿಟ್ಟಿದ್ದಾರೆ ಎಂದು ನೀವು ಹಿಗ್ಗಿ ಹುಬ್ಬಳ್ಳಿಯ ಸಭೆಯಲ್ಲಿ ಭಾಷಣ ಮಾಡಿ ಬಂದಿರಿ.

ನೀವು ಹೊಲದ ಮನೆಯವರಲ್ಲ, ಮಾಸ್ತರರ ಮಗ. ಹೊಲದಲ್ಲಿ ಹೆಂಗಸರು ಕಸ ತೆಗೆಯುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಅಲ್ಲಿ ಎಲ್ಲರೂ ಒಂದೊಂದು ಸಾಲು ಹಿಡಿದು ಹೊರಡುತ್ತಾರೆ. ಮೊದಲ ಸಾಲು ಹಿರಿಯಳದು, ಅವಳು ಕುರಪಿ ಊರದೆ ಉಳಿದವರು ಊರುವುದಿಲ್ಲ. ಒಬ್ಬಳು ಹಿಂದೆ ಬಿದ್ದರೆ, ಬಸುರಿಯೋ ಮುದುಕಿಯೋ ಜ್ವರದವಳೋ, ಎಡಬಲದವರು ತಮ್ಮ ಸಾಲಿನ ಜೊತೆ ಅವಳ ಸಾಲಿನದನ್ನೂ ತುಸು ತುಸು ತೆಗೆಯುತ್ತಾ ಹೋಗುತ್ತಾರೆ. ಮಾತಿಲ್ಲ, ಕರೆಯುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ಎಲ್ಲರೂ ಒಟ್ಟಿಗೇ ಬದು ಮುಟ್ಟುತ್ತಾರೆ. ಹೊಲದವನಿಗೆ ಹೇಳುವ ಮಾತಂತೂ ಇಲ್ಲವೇ ಇಲ್ಲ. ಹೇಳಿದವಳನ್ನು ಮರುದಿನ ಯಾರೂ ಕೂಲಿಗೆ ಕರೆದುಕೊಂಡು ಹೋಗುವುದಿಲ್ಲ. ನಿಮ್ಮ ಗೋದಾಮಿಗೆ ನಾವು ಬಂದದ್ದು ಆ ಹೊಲದಿಂದಲೇ.

ತಿಪ್ಪವ್ವನ ಕಣ್ಣಿಗೆ ಪೊರೆ ಬರತೊಡಗಿತ್ತು. ತಂತಿ ಸುತ್ತುವುದರಲ್ಲಿ ಅವಳ ಕೈ ತಪ್ಪುತ್ತಿರಲಿಲ್ಲ. ಸುರುಳಿಗೂ ಕಬ್ಬಿಣಕ್ಕೂ ನಡುವೆ ಇಡುವ ವಾರ್ನಿಶ್ ಹಚ್ಚಿದ ಹಳದಿ ಬಟ್ಟೆ ಇತ್ತಲ್ಲ, ಅದನ್ನು ಮೂಲೆಯವರೆಗೆ ಎಳೆದು ಮಡಿಸಬೇಕು. ಅವಳಿಗೆ ಮೂಲೆ ಕಾಣುತ್ತಿರಲಿಲ್ಲ. ಬಟ್ಟೆ ಗಿಡ್ಡವಾಗುತ್ತಿತ್ತು, ಮೂಲೆ ಬತ್ತಲೆ ಉಳಿಯುತ್ತಿತ್ತು. ಪಕ್ಕದಲ್ಲಿ ಕೂತ ರಾಮವ್ವ ಅದನ್ನು ಕೈಗೆ ತೆಗೆದುಕೊಂಡು, ಒಂದು ತುಂಡು ಬಟ್ಟೆ ತುರುಕಿ, ಸುಮ್ಮನೆ ಮುಂದಕ್ಕೆ ದಾಟಿಸುತ್ತಿದ್ದಳು. ಹೊಸ ಡಬ್ಬಿಯಲ್ಲಿ ಈ ಊನ ದೀಪ ಹಚ್ಚಿ ನೋಡಿದರೂ ಗೊತ್ತಾಗುವುದಿಲ್ಲ, ತಂತಿ ಕಾದು ಕಾದು, ಒಂದು ಮಳೆಗಾಲದ ಥಂಡಿ ಹಿಡಿದ ಮೇಲೆಯೇ ಕರೆಂಟು ಕಬ್ಬಿಣಕ್ಕೆ ಇಳಿಯುತ್ತದೆ ಎಂದು ನೀವೇ ನಮಗೆ ಕಲಿಸಿದ್ದಿರಿ. ಅದಕ್ಕೇ ರಾಮವ್ವ ಒಂದು ಸುರುಳಿಯನ್ನೂ ಬಿಡುತ್ತಿರಲಿಲ್ಲ.

ನಾನು ನಿಮಗೆ ಹೇಳಿದೆ. ಇದನ್ನು ನೀವು ಮರೆತಿದ್ದರೆ ನಾನು ಮರೆಯಗೊಡುವುದಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಹೊಸ ಶೆಡ್ಡು ಹಾಕುವುದೆಂದು ನೀವು ಗೊತ್ತು ಮಾಡಿದ ವಾರವೇ, ಊಟಕ್ಕೆ ಬಡಿಸುತ್ತಾ ಹೇಳಿದೆ. ತಿಪ್ಪವ್ವನ ಕಣ್ಣು ಸರಿ ಇಲ್ಲ, ಅವಳ ಕೆಲಸವನ್ನು ನಾವು ಮುಗಿಸುತ್ತೇವೆ, ತಂಡ ಒಡೆಯಬೇಡಿ ಎಂದೆ. ನೀವು ರೊಟ್ಟಿ ಮುರಿಯುವ ಕೈಯನ್ನು ತಡೆದು, "ಮನ್ಯಾಗ ಚಾಡಿ ಬ್ಯಾಡ. ಶನಿವಾರ ಕೂಟದಾಗ ಹೇಳು. ಆಕಿ ಎದುರಿಗೆ ಹೇಳು. ಮಾಲಕನ ಕಿವಿ ಕಚ್ಚಿದರ ಪದ್ಧತಿ ಉಳಿಯಂಗಿಲ್ಲ" ಎಂದಿರಿ. ನಾನು, "ಮಾಲಕಗ ಅಲ್ಲ, ಗಂಡಗ ಹೇಳಾಕತ್ತೇನಿ" ಎಂದೆ. ಕೈ ತೊಳೆದು ಎದ್ದು ಹೋದಿರಿ. ಅರ್ಧ ರೊಟ್ಟಿ ತಾಟಿನಲ್ಲಿ ಹಾಗೆಯೇ ಇತ್ತು.

ಆ ಶನಿವಾರ ಚಾಪೆಯ ಮೇಲೆ ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ತಿಪ್ಪವ್ವ ನನ್ನ ಪಕ್ಕದಲ್ಲಿ ಚುರುಮುರಿಯಲ್ಲಿ ಬಿದ್ದ ಹಸಿ ಮೆಣಸಿನಕಾಯಿಯನ್ನು ಬೆರಳಿನಿಂದ ಹುಡುಕಿ ಹುಡುಕಿ ತೆಗೆದು ನನ್ನ ಪಾಲಿಗೆ ಹಾಕುತ್ತಿದ್ದಳು, ನನಗೆ ಖಾರ ಸೇರುತ್ತದೆಂದು. ಅವಳ ಎದುರಿಗೆ, ಅಷ್ಟು ಜನರ ನಡುವೆ, ನಿನಗೆ ಕಣ್ಣು ಕಾಣುವುದಿಲ್ಲ ಎಂದು ನಾನು ಹೇಳಬೇಕಿತ್ತೇ? ಮನೆಯಲ್ಲಿ ಹೇಳಿದ್ದನ್ನು ನೀವು ಕೇಳುವುದಿಲ್ಲ, ಕೂಟದಲ್ಲಿ ನಾನು ಹೇಳಲಾರೆ. ಎಲ್ಲಾ ಬರೋಬರಿ ಎಂದು ಎಲ್ಲರ ಜೊತೆ ನಾನೂ ಅಂದೆ. ನಿಮಗೆ ಸಮಾಧಾನವಾದದ್ದು ಮುಖದಲ್ಲಿ ಕಂಡಿತು. ಹೆಂಡತಿ ಹೇಳಿದ್ದು ನಿಮಗೆ ಗೊತ್ತಿತ್ತು, ತಂಡ ಹೇಳಿದ್ದನ್ನು ನಂಬಿದಿರಿ.

ಆಮೇಲೆ ಬೆಳೆದೆವು. ಅದನ್ನು ಬೆಳೆಯುವುದು ಎನ್ನುವುದಾದರೆ. ಇಂಡಿಯ ತಂಡದಿಂದ ಒಬ್ಬೊಬ್ಬಳನ್ನು ಒಂದೊಂದು ಊರಿಗೆ ಕಳಿಸಿ, ಅವಳ ಸುತ್ತ ಹೊಸ ತಂಡ ಕಟ್ಟುವುದು, ಹೆಪ್ಪು ಹಾಕಿ ಮೊಸರು ಮಾಡಿದ ಹಾಗೆ ಎಂದಿರಿ. ಯಾರು ಹೋಗಬೇಕೆಂದು ತಂಡವೇ ಆರಿಸಲಿ ಎಂದಿರಿ. ಸಿಂದಗಿಗೆ ಎಲ್ಲರೂ ತಿಪ್ಪವ್ವನ ಹೆಸರು ಹೇಳಿದರು. ಹೊಸ ಹೊಲಕ್ಕೆ ಮೊದಲ ಕುರಪಿ ಹಿರಿಯಳದು, ಅದನ್ನು ದಾಟಿ ಕಿರಿಯರ ಹೆಸರು ಹೇಳುವ ಬಾಯಿ ಯಾರಿಗಿತ್ತು? ರಾಮವ್ವನನ್ನೂ ಅವಳ ಜೊತೆ ಕಳಿಸಿ ಎಂದು ನಾನು ಅಂದೆ. ಒಂದು ತಂಡಕ್ಕೆ ಒಬ್ಬಳೇ ಮುಖಂಡಳು ಎಂದು ರಾಮವ್ವನನ್ನು ಮುದ್ದೇಬಿಹಾಳಕ್ಕೆ ಕಳಿಸಿದಿರಿ. ಬಸ್ಸು ಹತ್ತುವಾಗ ತಿಪ್ಪವ್ವ ಅತ್ತಳು. ಊರು ಬಿಡುವ ದುಃಖ ಎಂದು ನೀವು ತಿಳಿದಿರಿ. ಅವಳು ನನ್ನ ಕೈ ಹಿಡಿದು, "ರಾಮಿ ಬರಂಗಿಲ್ಲೇನು?" ಎಂದು ಮಾತ್ರ ಕೇಳಿದಳು.

ಎರಡು ವರ್ಷ ಸಿಂದಗಿಯ ಡಬ್ಬಿಗಳು ಇಂಡಿಯವಕ್ಕಿಂತ ಹೆಚ್ಚು ಹೋದವು. ಅಲ್ಲಿಯ ಶನಿವಾರದ ಕೂಟದಲ್ಲೂ ಎಲ್ಲಾ ಬರೋಬರಿಯೇ. ಅಲ್ಲಿಯ ಹುಡುಗಿಯರು ಜಾಣೆಯರು, ಕಲಿಸಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡುತ್ತಾರೆ ಎಂದು ನೀವು ಹೊಗಳಿದಿರಿ. ಅದೇ ನಿಜವಾಗಿತ್ತು.

ಕಳೆದ ಆಗಸ್ಟದಲ್ಲಿ ಮೋರಟಗಿಯ ಬಂದಗಿಸಾಬ ಬೆಳಗಿನ ಹೊತ್ತು ಬರಿಗಾಲಿನಲ್ಲಿ, ಹಸಿ ನೆಲದ ಮೇಲೆ ನಿಂತು, ನಮ್ಮ ಡಬ್ಬಿಯ ಹಿಡಿಕೆ ಮುಟ್ಟಿದ. ಮುಟ್ಟಿದವನು ಬಿಡಲಿಲ್ಲ. ಅವನನ್ನು ಬಿಡಿಸಲು ಹೋದ ಅಣ್ಣನ ಕೈ ಇಂದಿಗೂ ಮಡಿಸುವುದಿಲ್ಲ. ನೀವು, ನಾನು, ಜೈನುದ್ದೀನಣ್ಣ ಸಿಂದಗಿಗೆ ಹೋಗಿ ಶೆಡ್ಡಿನಲ್ಲಿ ಇನ್ನೂ ಮಾರದೆ ಉಳಿದ ಡಬ್ಬಿಗಳನ್ನು ಬಿಚ್ಚಿದೆವು. ಒಂದೊಂದರಲ್ಲೂ ಹಳದಿ ಬಟ್ಟೆ ಗಿಡ್ಡ, ಒಂದೊಂದರಲ್ಲೂ ಮೂಲೆ ಬತ್ತಲೆ. ಸಗೀರಾ ಎಂಬ ಹುಡುಗಿ, ಅಲ್ಲಿಯ ತಂಡದಲ್ಲೇ ಚುರುಕಿನವಳು, ನೀವು ಹೊಗಳಲು ಬಂದಿದ್ದೀರಿ ಎಂದುಕೊಂಡು, "ದೊಡ್ಡಾಕಿ ಹಿಂಗ ಕಲಿಸ್ಯಾಳ್ರಿ. ಇಂಡಿಯಾಗ ಹಿಂಗ ಕತ್ತರಸ್ತಾರಂತ" ಎಂದಳು. ತಿಪ್ಪವ್ವ ಗೋಡೆಗೆ ಒರಗಿ ನಿಂತು ನಮ್ಮ ಧ್ವನಿ ಬಂದ ಕಡೆ ಮುಖ ತಿರುಗಿಸಿ ನಗುತ್ತಿದ್ದಳು. ಅವಳಿಗೆ ಮೂಲೆಯ ವಿಷಯವೇ ಗೊತ್ತಿರಲಿಲ್ಲ. ಇಂಡಿಯಲ್ಲಿದ್ದಷ್ಟು ದಿನವೂ ರಾಮವ್ವ ತನ್ನ ಸುರುಳಿಯನ್ನು ಎತ್ತಿ ಸರಿಮಾಡುತ್ತಿದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳದಿರುವುದೇ ನಮ್ಮ ರೀತಿ. ರಾಮವ್ವ ಬರಲಿಲ್ಲವೆಂದು ಅವಳು ಅತ್ತದ್ದು ಪಕ್ಕದಲ್ಲಿ ಕೂರುವ ಗೆಳತಿಗಾಗಿ.

ನೀವು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜೀಪಿನಲ್ಲಿ ಕೂತು ಬೆಂಗಳೂರಿಗೋ ಎಲ್ಲಿಗೋ ಹೋಗುವವರ ಹಾಗೆ ದಾರಿ ನೋಡುತ್ತಾ, ಪದ್ಧತಿಯಲ್ಲಿ ತಪ್ಪಿಲ್ಲ, ಪದ್ಧತಿಯಲ್ಲಿ ತಪ್ಪಿಲ್ಲ ಎಂದು ಹೇಳಿಕೊಳ್ಳುತ್ತಿದ್ದಿರಿ. ನಾಲ್ಕೂ ಶೆಡ್ಡಿಗೆ ಬೀಗ ಬಿತ್ತು. ಮಾರಿದ ಡಬ್ಬಿಗಳನ್ನು ಹಳ್ಳಿಹಳ್ಳಿ ತಿರುಗಿ ಬಿಚ್ಚಿಸಿ ತಂದದ್ದು ಜೈನುದ್ದೀನಣ್ಣ, ಒಬ್ಬನೇ. ನೀವು ಝಳಕಿಯವರೆಗೆ ಟ್ರಕ್ಕಿನಲ್ಲಿ ಹೋಗಿ ಅಲ್ಲಿಂದ ಪುಣೆಯ ಬಸ್ಸು ಹಿಡಿದಿರಿ, ವ್ಯವಸ್ಥೆ ಮಾಡಿಕೊಂಡು ಬರುತ್ತೇನೆ ಎಂದು. ವ್ಯವಸ್ಥೆ ಎಂದರೆ ಇದು.

ಮೋರಟಗಿಗೆ ನಾನು ಹೋಗಿದ್ದೆ. ನಿಮಗೆ ತಿಳಿಸಿರಲಿಲ್ಲ. ಬಂದಗಿಸಾಬನ ಹೆಂಡತಿ ಪೀರಬಿ, ಗಂಡ ಸತ್ತ ಹೆಂಗಸು ಮನೆಯೊಳಗೇ ಕೂರುವ ಇದ್ದತ್ತಿನಲ್ಲಿದ್ದಾಳೆ, ಪರಗಂಡಸರಿಗೆ ಮುಖ ತೋರಿಸುವಂತಿಲ್ಲ. ಜೈನುದ್ದೀನಣ್ಣ ಹೊರಗೆ ಹಿರಿಯರ ಜೊತೆ ಕೂತ. ಒಳಗೆ ಹೋಗಲು ಕಾರಖಾನೆಯ ಕಡೆಯಿಂದ ಹೆಂಗಸು ಎಂದರೆ ನಾನೊಬ್ಬಳೇ. ಪೀರಬಿ ನನಗಿಂತ ಚಿಕ್ಕವಳು. ಕೂತುಕೊಳ್ಳಲು ಕಂಬಳಿ ಹಾಸಿದಳು. ನಾನು ಅಳಲಿಲ್ಲ, ಅವಳೂ ಅಳಲಿಲ್ಲ. "ಆ ಡಬ್ಬಿ ಮಾಡಿದಾಕಿ ಯಾರವ್ವಾ?" ಎಂದು ಕೇಳಿದಳು. ನಾವೆಲ್ಲಾ ಸೇರಿ ಮಾಡಿದ್ದು ಎಂದೆ. ಅಷ್ಟು ವರ್ಷ ಅದೇ ನಮ್ಮ ಅಭಿಮಾನದ ಮಾತಾಗಿತ್ತಲ್ಲ. ಅವಳು, "ಎಲ್ಲಾರೂ ಅಂದ್ರ ನಾ ಯಾರಿಗೆ ಬೈಲಿ? ಒಂದ ಹೆಸರ ಕೊಡ್ರಿ. ನಾ ಏನೂ ಮಾಡಂಗಿಲ್ಲ, ಪೊಲೀಸರಿಗೂ ಹೇಳಂಗಿಲ್ಲ. ಮನ್ಯಾಗ ಕುಂತು ಬೈದು ಹಗುರ ಆಗ್ತೇನಿ" ಎಂದಳು.

ನಾನು ಕೊಡಲಿಲ್ಲ. ಅವಳು ಇನ್ನೊಮ್ಮೆ ಕೇಳಲೂ ಇಲ್ಲ. ಹೊರಡುವಾಗ ಕಂಬಳಿ ಸುತ್ತಿಟ್ಟಳು, ಅಷ್ಟೇ. ಅಂದಿನಿಂದ ನನಗೆ ಊಟ ಹೋಗುವುದಿಲ್ಲ. ಒಬ್ಬಳು ಹಿಂದೆ ಬೀಳಬಾರದೆಂದು ನಾವು ಮುಚ್ಚಿಟ್ಟ ಮಾತು ಇನ್ನೊಬ್ಬಳ ಗಂಡನನ್ನು ತಿಂದಿತು, ಆಮೇಲೂ ಅವಳಿಗೆ ಒಂದು ಹೆಸರು ಸಿಗದ ಹಾಗೆ ಮಾಡಿತು. ಆದರೆ ಹೆಸರು ಕೊಟ್ಟರೆ ಆ ಹೆಸರಿನ ಹಿಂದೆ ಇರುವುದು ಏನೂ ಅರಿಯದ ಒಬ್ಬ ಕುರುಡಿ. ಯಾವ ಕಡೆಯಿಂದ ನೋಡಿದರೂ ನನಗೆ ದಾರಿ ಕಾಣುವುದಿಲ್ಲ.

ಈಗ ನೀವು ಅದೇ ಹೆಸರು ಕೇಳಿದ್ದೀರಿ. ಗಂಡನನ್ನು ಕಳೆದುಕೊಂಡವಳು ಕೈಯೊಡ್ಡಿ ಕೇಳಿದಾಗ ಕೊಡಲಿಲ್ಲ, ನಿಮ್ಮ ಕಂಪನಿಗೆ ಕೊಡುತ್ತೇನೆಯೇ? ಬೇಕಾದರೆ ನನ್ನ ಹೆಸರು ಬರೆದುಕೊಳ್ಳಿ ಎನ್ನುತ್ತಿದ್ದೆ. ಆ ಬಾಗಿಲನ್ನೂ ನಿಮ್ಮ ಪತ್ರದಲ್ಲೇ ಮುಚ್ಚಿದ್ದೀರಿ. ಮಾಲಕನ ಹೆಂಡತಿಯ ಹೆಸರು ಬಂದರೆ ಕಾರಖಾನೆಯ ಹೆಸರೇ ಬಂದಂತೆ ಎಂದು ವಕೀಲರು ಹೇಳಿದ್ದಾರಂತೆ. ಮೂರು ವರ್ಷ ಮಾಲಕ ಇಲ್ಲ, ಮಾಲಕ ಇಲ್ಲ ಎಂದು ಹಾಡಿದಿರಿ. ತಪ್ಪು ಹೊರಲು ಹೆಗಲು ಹುಡುಕುವ ಹೊತ್ತಿಗೆ ಮಾಲಕ ಎಲ್ಲಿಂದ ಬಂದ?

ಇಲ್ಲಿ ಯಾವುದೂ ನೆಟ್ಟಗಿಲ್ಲ. ರಾಮವ್ವ ಮುದ್ದೇಬಿಹಾಳದಿಂದ ವಾಪಸು ಬಂದು ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾಳೆ. ಈ ಮೂರು ತಿಂಗಳಲ್ಲಿ ಅವಳು ನನ್ನ ಮನೆಗೆ ಒಮ್ಮೆಯೂ ಬಂದಿಲ್ಲ, ತಿಪ್ಪವ್ವ ಇಲ್ಲಿದ್ದಾಳೆಂದು. ಬಾವಿಯ ಹತ್ತಿರ ಸಿಕ್ಕರೆ ಕೊಡ ತುಂಬುವ ಮೊದಲೇ ಹೊರಡುತ್ತಾಳೆ. ಬಾಗೇವಾಡಿಯ ಶೆಡ್ಡಿನ ಹುಡುಗಿಯರು ಎಲ್ಲಿ ಹೋದರೋ ತಿಳಿಯದು. ಗೋದಾಮಿನ ಗೋಡೆಯ ಮೇಲಿನ ನಿಮ್ಮ ಮೆಟ್ಟಿಲುಗಳನ್ನು ಮಳೆನೀರು ಸೋರಿ ತೊಳೆದಿದೆ. ನಾನು ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತೇನೆ, ತಿಪ್ಪವ್ವನಿಗೆ ನೀರು ಕಾಸುತ್ತೇನೆ, ಸಂಜೆಯಾಗುತ್ತದೆ. ಮುಂದೆ ಏನು ಎಂದು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ನಾನು ಸಹಿ ಹಾಕುವುದಿಲ್ಲ. ಪುಣೆಗೂ ಬರುವುದಿಲ್ಲ. ನಿಮ್ಮ ಮೇಲಿನ ಪ್ರೀತಿ ಹೋಗಿದೆ ಎಂದು ಬರೆದರೆ ನನಗೆ ಸುಲಭವಾಗುತ್ತಿತ್ತು. ಹೋಗಿಲ್ಲ, ಅದೇ ದೊಡ್ಡ ಪೀಡೆ. ನೀವು ಕೆಟ್ಟವರಲ್ಲ. ಒಳ್ಳೆಯದನ್ನೇ ಮಾಡಲು ಹೊರಟಿದ್ದಿರಿ, ನಾವೂ ಒಳ್ಳೆಯದನ್ನೇ ಮಾಡುತ್ತಿದ್ದೆವು. ಎರಡೂ ಸೇರಿ ಒಬ್ಬನ ಜೀವ ತೆಗೆದವು. ನೀವು ಬಂದು ಈ ಪಡಸಾಲೆಯಲ್ಲಿ ತಿಪ್ಪವ್ವನ ಎದುರು ಒಂದು ಗಳಿಗೆ ಕೂತರೆ ಸಾಕು, ನಾನು ಬೇರೇನನ್ನೂ ಕೇಳುವುದಿಲ್ಲ. ನೀವು ಬರುವುದಿಲ್ಲ ಎಂದೂ ನನಗೆ ಗೊತ್ತಿದೆ.

ಇನ್ನೂ ನಿಮ್ಮವಳೇ ಆದ,
ಚಂದವ್ವ

ತಾ.ಕ.: ರವಿವಾರ ಬೆಳಿಗ್ಗೆ. ನಿನ್ನೆ ಟಪಾಲಿಗೆ ಹಾಕಬೇಕೆಂದಿದ್ದ ಈ ಪತ್ರ ಹಾಗೆಯೇ ಉಳಿದಿತ್ತು. ನೀವು ನನಗೆ ಬರೆದದ್ದನ್ನೇ ಜೈನುದ್ದೀನಣ್ಣನಿಗೂ ಬರೆದಿದ್ದಿರಂತೆ. ಅವನು ರಾಮವ್ವನಿಗೆ ಓದಿ ಹೇಳಿದ್ದಾನೆ. ನಿನ್ನೆ ಶನಿವಾರ ಅವಳ ಅಂಗಳದಲ್ಲಿ ಚಾಪೆ ಹಾಸಿ ಎಲ್ಲರೂ ಕೂಡಿದರು. ನನ್ನನ್ನು ಕರೆಯಲಿಲ್ಲ. ಜಗಳ ದೊಡ್ಡದೇ ಆಯಿತಂತೆ, ಓಣಿಯ ಕೊನೆಯವರೆಗೆ ಕೇಳಿಸಿತಂತೆ. ಆಮೇಲೆ ರಾಮವ್ವನನ್ನು ಮುಖಂಡಳನ್ನಾಗಿ ಆರಿಸಿ, ನಿಮಗೆ ಬೇಕಾದ ಹೆಸರನ್ನು ಬರೆಸಿ, ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಾರೆ. ಈಗ ತಾನೆ ರಾಮವ್ವ ಅದನ್ನು ತಂದು ಕೊಟ್ಟು, ಮುಖ ಎತ್ತದೆ, "ನೀ ಬರಿಯಂಗಿಲ್ಲ ಅಂತ ಗೊತ್ತಿತ್ತು. ನಮ್ಮ ಮನ್ಯಾಗೂ ಒಲಿ ಹತ್ತಬೇಕಲ್ಲವ್ವಾ" ಎಂದು ಹೋದಳು. ಹರಿದು ಒಲೆಗೆ ಹಾಕಬೇಕೆಂದು ಎದ್ದೆ. ಅವರ ಮನೆಗಳ ಒಲೆ ನಾನೂ ನೋಡಿದ್ದೇನೆ, ಕೈ ಬರಲಿಲ್ಲ. ಇದರ ಜೊತೆಗೇ ಇಟ್ಟಿದ್ದೇನೆ.

ಎಲ್ಲಕ್ಕಿಂತ ಮೇಲಿನ ಹೆಬ್ಬೆಟ್ಟು ತಿಪ್ಪವ್ವನದು. ಜಗಳ ಮುಗಿದ ಮೇಲೆ, ನಾನು ನೀರಿಗೆ ಹೋದಾಗ ಅವಳನ್ನು ಕರೆದೊಯ್ದು, ಶೆಡ್ಡು ತೆಗೆಯುವ ಅರ್ಜಿ ಎಂದು ಹೇಳಿ, ಹಿರಿಯಳೆಂದು ಅವಳಿಂದಲೇ ಮೊದಲು ಒತ್ತಿಸಿದ್ದಾರೆ. ನಿನ್ನೆ ಸಂಜೆ ಅವಳು ನಗುನಗುತ್ತಾ ಮನೆಗೆ ಬಂದಿದ್ದೇಕೆಂದು ನನಗೆ ಈಗ ತಿಳಿಯಿತು. ಕೆಲಸಕ್ಕೆ ಕರೆ ಬರುತ್ತದೆಂದು ಸೀರೆ ಒಗೆದು ಹಿತ್ತಲಲ್ಲಿ ಒಣಹಾಕಿದ್ದಾಳೆ. ನಾನು ಇನ್ನೂ ಹೇಳಿಲ್ಲ. ಪೊಲೀಸರು ಬಂದ ದಿನ ಅವಳ ಕೈ ಹಿಡಿದು ನಡೆಸಲು ಒಬ್ಬರು ಬೇಕು, ನಾನು ಇಲ್ಲಿಯೇ ಇರುತ್ತೇನೆ.